ಕಾಗದದ ಗೋಡೆಗೆ ಏಳು ದಿನದ ನೀರು

ಆ ದಿನ ಬೆಳಿಗ್ಗೆ ಗುಂಡ್ಲುಪೇಟೆಯ ಮೇಲೆ ಇಳಿದಿದ್ದ ಮಂಜು ಹೊತ್ತು ಮಾರುದ್ದ ಏರಿದರೂ ಕರಗಿರಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬಂದ ಮಂಜು ಊಟಿ ರಸ್ತೆಯ ಹುಣಿಸೆಮರಗಳನ್ನು ಅರ್ಧಕ್ಕೆ ನುಂಗಿ, ಪೇಟೆಬೀದಿಯ ಹೆಂಚುಗಳಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಮಲ್ಲಾಜಮ್ಮ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಜಗಲಿಗೆ ಬಂದು ನಿಂತಳು. ಎತ್ತಿನ ಕೊರಳ ಗೆಜ್ಜೆ ಕೇಳಿಸಿತು, ಎತ್ತು ಕಾಣಿಸಲಿಲ್ಲ. ಆಮೇಲೆ ಮಂಜಿನೊಳಗಿಂದ ಗಾಡಿಯೂ, ಗಾಡಿಯ ಮೇಲೆ ಟಾರ್ಪಾಲು ಹೊದ್ದ ಅಗಲವಾದ ಹಲಗೆಗಳೂ, ಪಕ್ಕದಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದ ಕಿರಿಮಗ ಗುರುಪಾದಸ್ವಾಮಿಯೂ ಬಂದರು. ಕೊಡೆ ಅವನ ತಲೆಯ ಮೇಲಿರಲಿಲ್ಲ, ಹಲಗೆಗಳ ಮೇಲಿತ್ತು.

“ಯಾಕ್ಲಾ ಗುರುಪಾದ, ಮದುವೆ ಹೆಣ್ಣಿಗೆ ಹಿಡಿದಂಗೆ ಕೊಡೆ ಹಿಡ್ಕಂಡು ಬತ್ತಿದ್ದೀಯ?”

“ತಮಾಸೆ ಮಾಡ್ಬ್ಯಾಡ ಕಣವ್ವ. ಇದಕ್ಕೆ ಮಂಜು ತಾಕುದ್ರೂ ಆಗಕಿಲ್ಲ.”

“ಮಂಜು ತಾಕುದ್ರೆ ಕೆಡೋ ಗೋಡೆ ಕಟ್ಕಂಡು ಸಂಸಾರ ಮಾಡ್ತೀಯೇನ್ಲಾ?” ಎಂದು ಮಲ್ಲಾಜಮ್ಮ ನಕ್ಕಳು. ಆ ನಗುವಿನಲ್ಲಿ ಸಮಾಧಾನವೇ ಹೆಚ್ಚಿತ್ತು. ಗೋಡೆ ಅಂತೂ ಮನೆಗೆ ಬಂತು.

ಗುರುಪಾದಸ್ವಾಮಿ ಪಿ.ಡಬ್ಲ್ಯು.ಡಿ. ಆಫೀಸಿನಲ್ಲಿ ಗುಮಾಸ್ತ. ನಾಲ್ಕು ವರ್ಷ ಚಾಮರಾಜನಗರದಲ್ಲಿದ್ದು, ಆ ವರ್ಷದ ಯುಗಾದಿಯ ಹೊತ್ತಿಗೆ ಸ್ವಂತ ಊರಿಗೆ ವರ್ಗವಾಗಿ, ಹೆಂಡತಿ ಚಿಕ್ಕಮಲ್ಲಮ್ಮನನ್ನು ಕರೆದುಕೊಂಡು ತಾಯಿಮನೆಗೇ ಬಂದಿದ್ದ. ಮನೆಯಲ್ಲಿ ಮೊದಲೇ ಹಿರಿಮಗ ನೀಲಕಂಠಸ್ವಾಮಿ, ಅವನ ಹೆಂಡತಿ ಗುರುಮಲ್ಲಮ್ಮ, ಅವರ ಇಬ್ಬರು ಹೆಣ್ಣುಮಕ್ಕಳು. ನೀಲಕಂಠಸ್ವಾಮಿ ಪೇಟೆಯಲ್ಲಿ ಅರಿಸಿನದ ಮಂಡಿ ನಡೆಸುತ್ತಿದ್ದ. ಮನೆ ದೊಡ್ಡದೇ, ಆದರೆ ಅದರ ದೊಡ್ಡತನವೆಲ್ಲ ಒಂದು ಉದ್ದನೆಯ ಪಡಸಾಲೆಗೇ ಹೋಗಿಬಿಟ್ಟಿತ್ತು. ಇದ್ದ ಎರಡು ಕೋಣೆಗಳಲ್ಲಿ ಒಂದು ಹಿರಿಯ ಮಗನದು, ಒಂದು ದೇವರದು. ಕಿರಿಯರಿಗೆ ಸಿಕ್ಕಿದ್ದು ಪಡಸಾಲೆಯ ಬಡಗಣ ತುದಿ, ಅಡ್ಡಕ್ಕೊಂದು ಹಳೆಯ ಸೀರೆ. ಸೀರೆಯ ಈಚೆಗೆ ಮಲ್ಲಾಜಮ್ಮನ ಹಾಸಿಗೆ. ಆಚೆ ಗಂಡಹೆಂಡಿರು ಮೆಲ್ಲಗೆ ಒಂದು ಮಾತಾಡಿದರೆ ಈಚೆಯಿಂದ “ಏನಂದೆ?” ಎಂದು ಮುದುಕಿ ಕೇಳುತ್ತಿದ್ದಳು. ಅವಳಿಗೆ ಅದು ತಪ್ಪೆಂದೇ ತೋರಿರಲಿಲ್ಲ.

ಮಣ್ಣಿನ ಗೋಡೆ ಎಬ್ಬಿಸೋಣವೆಂದರೆ ಆ ತುದಿಯ ನೆಲದಡಿಯಲ್ಲಿ ಹಗೇವು ಇತ್ತು. ಆಳೆತ್ತರದ ಆ ಗುಳಿಯಲ್ಲಿ ಮನೆಯ ಎರಡು ವರ್ಷದ ರಾಗಿ ಬೆಚ್ಚಗೆ ಮಲಗುತ್ತಿತ್ತು. ಅದರ ನೆತ್ತಿಯ ಮೇಲೆ ಭಾರ ಹಾಕುವುದು ಸಾಧ್ಯವಿರಲಿಲ್ಲ. ದೀಪಾವಳಿಯ ದಿನ ಊಟಕ್ಕೆ ಕುಳಿತಾಗ ಚಿಕ್ಕಮಲ್ಲಮ್ಮ ತಲೆ ತಗ್ಗಿಸಿಕೊಂಡೇ ಹೇಳಿದ್ದಳು:

“ಶಿವರಾತ್ರಿಯೊಳಗೆ ಒಂದು ಕೋಣೆ ಅಂತ ಆಗ್ಲಿಲ್ಲ ಅಂದ್ರೆ ಇವ್ರು ಚಾಮರಾಜನಗರಕ್ಕೇ ವಾಪಸ್ ವರ್ಗ ಬರೆಸ್ಕಳ್ಳಲಿ ಅತ್ತೆ. ಸೀರೆ ಹಿಂದೆ ಸಂಸಾರ ಮಾಡಕ್ಕೆ ನಾವೇನು ಗೊಂಬೆ ಆಡಿಸೋರಾ?”

“ಗೋಡೆ ಎಬ್ಬಿಸ್ಕಳ್ಳಿ ತಾಯಿ. ಯಾರು ಬ್ಯಾಡ ಅಂದೋರು?” ಎಂದಿದ್ದಳು ಮಲ್ಲಾಜಮ್ಮ. “ಗೋಡೆ ಎಷ್ಟಾದ್ರೂ ಆಗ್ಲಿ. ನಾನಿರೋಗಂಟ ಒಲೆ ಮಾತ್ರ ಒಂದೇ ಇರ್ಬೇಕು.”

ಅವಳಿಗೆ ಬೇಕಾದದ್ದು ಅಷ್ಟೇ. ಮಗ ದೂರ ಹೋಗಬಾರದು, ಹೋಗದಿರಲು ಗೋಡೆ ಬೇಕು. ಬೇರೆ ಮನೆಗಳಲ್ಲಿ ಗೋಡೆ ಎದ್ದರೆ ಮನೆ ಒಡೆಯಿತೆಂದು ಅರ್ಥ. ಇಲ್ಲಿ ಗೋಡೆ ಎದ್ದರೆ ಮನೆ ಉಳಿಯಿತೆಂದು ಅರ್ಥ. ಶಿವನ ಲೆಕ್ಕ ಯಾರಿಗೆ ತಿಳಿಯುತ್ತದೆ ಎಂದು ಅವಳು ತನ್ನಷ್ಟಕ್ಕೆ ಅಂದುಕೊಂಡಿದ್ದಳು.

ಯುದ್ಧ ಮುಗಿದ ಮೇಲೆ ಮಿಲಿಟರಿ ಕ್ಯಾಂಪುಗಳ ಸಾಮಾನು ಹರಾಜಾಗಿ, ಅದರಲ್ಲಿ ಒಂದಷ್ಟು ಮೈಸೂರಿನ ವ್ಯಾಪಾರಿಯೊಬ್ಬನ ಕೊಟ್ಟಿಗೆಯಲ್ಲಿ ಏಳೆಂಟು ವರ್ಷದಿಂದ ಧೂಳು ತಿನ್ನುತ್ತಿತ್ತು. ಗುರುಪಾದಸ್ವಾಮಿ ತಂದ ಪ್ಲಾಸ್ಟರ್ ಬೋರ್ಡುಗಳು ಅಲ್ಲಿಯವು, ಒಟ್ಟು ಹನ್ನೆರಡು. ಅವುಗಳನ್ನು ಕೂರಿಸಲು ಬದನಗುಪ್ಪೆಯಿಂದ ಪುಟ್ಟಮಾದು ಬಂದ. ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯ ಷೆಡ್ಡುಗಳಿಗೆ ಇಂಥವೇ ಗೋಡೆ ಹೊಡೆದು ಕೈ ಪಳಗಿಸಿಕೊಂಡಿದ್ದ ಬಡಗಿ. ನಲವತ್ತರ ಪ್ರಾಯ, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಸೀಸದ ಕಡ್ಡಿ.

ಮೊದಲ ದಿನ ಅವನು ಕೆಲಸ ಮಾಡಿದ್ದಕ್ಕಿಂತ ಉತ್ತರ ಹೇಳಿದ್ದೇ ಹೆಚ್ಚು.

“ಇದ್ರೊಳಗೆ ಏನ್ಲಾ ತುಂಬವ್ರೆ?” ಎಂದು ನೀಲಕಂಠಸ್ವಾಮಿ ಬೋರ್ಡನ್ನು ಅರಿಸಿನದ ಮೂಟೆಯಂತೆ ತಟ್ಟಿ ನೋಡಿದ.

“ಸುಣ್ಣದ ಕಲ್ಲಿನಂಗೆ ಒಂದು ಬಿಳೀ ಕಲ್ಲು ಬುದ್ಧೀ. ಸುಟ್ಟು, ಪುಡಿ ಮಾಡಿ, ಕಲಸಿ, ಎಲ್ಡು ಕಾಗದದ ಮಧ್ಯಕ್ಕೆ ಒತ್ತಿರ್ತಾರೆ. ಹೋಳಿಗೆ ಒಳಗೆ ಹೂರಣ ಇದ್ದಂಗೆ.”

“ಹಂಗಾದ್ರೆ ಇದು ಕಾಗದದ ಗೋಡೆ ಅನ್ನು.”

“ಕಾಗದ ಗಟ್ಟಿ ಇರೋತನಕ ಗೋಡೆ ಗಟ್ಟಿ ಬುದ್ಧೀ. ಅದುಕ್ಕೇ ಮೊಳೆ ಹೊಡೆಯುವಾಗ ತಲೆ ಒಂದು ಕೂದಲೆಳೆ ಒಳಕ್ಕೆ ಹೋಗ್ಬೇಕು, ಕಾಗದ ಹರೀಬಾರ್ದು.”

“ಗೂಟ ಹೊಡೆದು ಕೋಟು ತಗುಲಿಹಾಕ್ಬೋದಾ?” ಎಂದು ಗುರುಪಾದಸ್ವಾಮಿ ಕೇಳಿದ.

ಪುಟ್ಟಮಾದು ಬೆರಳ ಗೆಣ್ಣಿನಿಂದ ಬೋರ್ಡಿನ ಮೇಲೆ ಕುಟ್ಟುತ್ತಾ ಹೋದ. ಡಬ ಡಬ ಎನ್ನುತ್ತಿದ್ದ ಸದ್ದು ಒಂದು ಕಡೆ ಟಕ್ ಎಂದಿತು. “ಇಲ್ಲಿ ಹಿಂದುಕ್ಕೆ ಮರದ ಕಂಬ ಅದೆ. ಇಲ್ಲಿ ಹೊಡ್ಕಳ್ಳಿ, ಕೋಟಲ್ಲ, ಮನುಷ್ಯನ್ನೇ ನೇತ್ಹಾಕಿ. ಟೊಳ್ಳು ಸದ್ದು ಬರೋ ಕಡೆ ಹೊಡೆದ್ರೆ ದೇವ್ರ ಪಟ ಅಂತಾನೂ ನೋಡದಂಗೆ ಕೆಡವ್ತದೆ.”

ನಾಲ್ಕು ದಿನದಲ್ಲಿ ಗೋಡೆ ಎದ್ದಿತು. ಎರಡು ಬೋರ್ಡು ಕೂಡುವ ಕಡೆ ಸಂದಿಗೆ ಗಂಜಿಯಂಥ ಬಿಳಿಯ ಸರಿ ಮೆತ್ತಿ, ಅದರ ಮೇಲೆ ತೆಳು ಬಟ್ಟೆಯ ಪಟ್ಟಿ ಅಂಟಿಸಿ, ಮತ್ತೆ ಸರಿ ಎಳೆದು, ಒಣಗಿದ ಮೇಲೆ ಉಜ್ಜಿ ನಯ ಮಾಡಿದ. ಬಟ್ಟೆ ಬೇಕೆಂದಾಗ ಚಿಕ್ಕಮಲ್ಲಮ್ಮ ತನ್ನದೇ ಒಂದು ತೆಳುವಾದ ಸೀರೆಯನ್ನು ಹರಿದುಕೊಟ್ಟಳು. ಇಷ್ಟು ದಿನ ಅಡ್ಡಕ್ಕಿದ್ದ ಆ ಸೀರೆಯೇ ಅದು. ಹರಿಯುವಾಗ ಅವಳ ಮುಖದಲ್ಲಿದ್ದ ಸಂತೋಷವನ್ನು ನೋಡಿ ಹಿರಿಸೊಸೆ ಗುರುಮಲ್ಲಮ್ಮ, “ಸೀರೆ ಹರಿಯಾಕೆ ಇಷ್ಟು ಉಮೇದು ಇರೋಳ್ನ ನಾನು ನೋಡಿಲ್ಲ ಕಣಮ್ಮಿ” ಎಂದಳು. ಇಬ್ಬರೂ ನಕ್ಕರು. ಅವರಿಬ್ಬರೂ ಒಟ್ಟಿಗೆ ನಕ್ಕಿದ್ದು ಯುಗಾದಿಯಿಂದೀಚೆಗೆ ಅದೇ ಮೊದಲು.

ಹಿಂದಿನ ಜಗಲಿಯಲ್ಲಿ ಎಲೆ ಹಾಕಿಸಿಕೊಂಡು ಉಂಡು, ಹೊರಡುವಾಗ ಪುಟ್ಟಮಾದು ಎಲ್ಲರನ್ನೂ ಕರೆದು ಹೇಳಿದ: “ಒಂದೇ ಒಂದು ಮಾತು. ನೀರು ಸೋಕ್ಬಾರ್ದು. ಗಾರೆ ಗೋಡೆಗೆ ಉಣಿಸ್ದಂಗೆ ಇದುಕ್ಕೆ ನೀರು ಉಣಿಸಂಗಿಲ್ಲ. ನೆಲ ಸಾರ್ಸುವಾಗ್ಲೂ ಒಂದು ಗೇಣು ಬುಟ್ಟು ಸಾರ್ಸಿ. ಮುಂದಿನ ತಿಂಗಳು ಬಂದು ಬಣ್ಣ ಮಾಡ್ಕೊಡ್ತೀನಿ.”

ಮಲ್ಲಾಜಮ್ಮ ಕೇಳಿಸಿಕೊಂಡಳು. ನಂಬಲಿಲ್ಲ.

ನಂಬದಿರಲು ಅವಳಿಗೆ ಕಾರಣವಿತ್ತು. ನಲವತ್ತೈದು ವರ್ಷದ ಕೆಳಗೆ, ಹೊಸ ಸೊಸೆಯಾಗಿ ಬಂದ ವರ್ಷ, ಈ ಮನೆಯ ಹಿತ್ತಿಲ ಗೋಡೆಗೆ ಗಾರೆ ಮಾಡಿದ್ದರು. ಇಪ್ಪತ್ತೊಂದು ದಿನ ಆ ಗೋಡೆಗೆ ಬಾವಿಯಿಂದ ನೀರು ಹೊತ್ತು ಉಣಿಸಿದವಳು ಅವಳೇ. ಗಾರೆಯ ಮೇಸ್ತ್ರಿ ಮಾವನವರ ಮುಂದೆ ನಿಂತು, “ಈ ಹೆಣ್ಣುಮಗಳ ಕೈ ನೀರು ಕುಡಿದ ಗೋಡೆ ಮೂರು ತಲೆಮಾರು ನಿಲ್ತದೆ ಸ್ವಾಮಿ” ಎಂದಿದ್ದ. ಆ ಮನೆಯಲ್ಲಿ ಅವಳು ಕೇಳಿದ ಮೊದಲ ಹೊಗಳಿಕೆ ಅದು. ಗೋಡೆ ಇವತ್ತಿಗೂ ಉಗುರು ಇಳಿಯದಷ್ಟು ಗಟ್ಟಿಯಾಗಿತ್ತು. ಗೋಡೆಯೆಂದ ಮೇಲೆ ನೀರು ಕುಡಿಯದೆ ಹೇಗೆ ಗಟ್ಟಿಯಾದೀತು? ಈ ಮಾದ ಬದನಗುಪ್ಪೆಯಿಂದ ದಿನಾ ಬರುವುದು ತಪ್ಪಲಿ ಎಂದು ಹಾಗೆ ಹೇಳಿದ್ದಾನೆ, ಪಾಪ, ಅವನಿಗೂ ಹತ್ತು ಕಡೆ ಕೆಲಸ, ಎಂದು ಅವಳು ತೀರ್ಮಾನಿಸಿದಳು.

ಮರುದಿನ ನಸುಕಿನಲ್ಲಿ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ, ಒಂದು ತಂಬಿಗೆ ನೀರು ಮತ್ತು ಒಂದು ಬೇವಿನ ಟೊಂಗೆ ಹಿಡಿದು ಹೊಸ ಗೋಡೆಯ ಮುಂದೆ ನಿಂತಳು. ಟೊಂಗೆಯನ್ನು ಅದ್ದಿ, ಎದೆಯೆತ್ತರದಿಂದ ಕೆಳಗಿನವರೆಗೆ, ಈ ತುದಿಯಿಂದ ಆ ತುದಿಯವರೆಗೆ, ಒಂದೇ ಸಮವಾಗಿ ಚಿಮುಕಿಸಿದಳು. ಒಂದೊಂದು ಸಲ ಅದ್ದುವಾಗಲೂ “ನಮಃ ಶಿವಾಯ” ಎಂದಳು. ಕಾಗದ ನೀರನ್ನು ಸುಯ್ಯನೆ ಹೀರಿಕೊಂಡಿತು. ಎಷ್ಟು ಬಾಯಾರಿದೆ ನೋಡು ಎಂದುಕೊಂಡು ಇನ್ನೊಂದು ತಂಬಿಗೆ ತಂದಳು. ಹೀಗೆ ಏಳು ದಿನ. ಯಾರಿಗೂ ಹೇಳಲಿಲ್ಲ. ಮಕ್ಕಳ ಸಂಸಾರಕ್ಕೆಂದು ಮಾಡಿದ್ದನ್ನು ಹೇಳಿಕೊಂಡರೆ ಅದರ ಪುಣ್ಯ ಕಡಿಮೆಯಾಗುತ್ತದೆಂದು ಅವಳ ಎಣಿಕೆ.

ಒಂಬತ್ತನೆಯ ದಿನ ಮಧ್ಯಾಹ್ನ, ಗಂಡಸರು ಮನೆಯಲ್ಲಿಲ್ಲದ ಹೊತ್ತು, ಗುರುಮಲ್ಲಮ್ಮ ಗೋಡೆಯ ಈಚೆಗೆ ಮೊರ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಮಲ್ಲಾಜಮ್ಮ ಎದುರಿಗೆ ಕುಳಿತು ಕಾಳು ಹಿಸುಕುತ್ತಿದ್ದಳು. ಗೋಡೆಯ ಆಚೆಗೆ, ತನ್ನ ಹೊಸ ಕೋಣೆಯಲ್ಲಿ, ಚಿಕ್ಕಮಲ್ಲಮ್ಮ ತಲೆ ಬಾಚಿಕೊಳ್ಳಲು ನೆಲದಲ್ಲಿ ಕುಳಿತು ಗೋಡೆಗೆ ಬೆನ್ನು ಒರಗಿಸಿದಳು.

ಗೋಡೆ ಬೆನ್ನನ್ನು ತಡೆಯಲಿಲ್ಲ. ಹಸಿ ಹಪ್ಪಳ ಹರಿದಂತೆ ಮೆತ್ತಗೆ ಸದ್ದಾಯಿತು. ಚಿಕ್ಕಮಲ್ಲಮ್ಮನ ಬೆನ್ನು, ಅದರ ಹಿಂದೆ ಅರ್ಧ ಹೆಣೆದ ಜಡೆ, ಪಡಸಾಲೆಗೆ ಬಂದು ಅವರೆಕಾಯಿಯ ಮೊರದಲ್ಲಿ ಬಿದ್ದವು.

ಚಿಕ್ಕಮಲ್ಲಮ್ಮ ಎದ್ದು, ತೂತಿನ ಅಂಚನ್ನು ಕೈಯಲ್ಲಿ ಹಿಡಿದರೆ ಅದು ನೆನೆದ ರೊಟ್ಟಿಯಂತೆ ಕಿತ್ತು ಬಂತು. ಒಳಗೆಲ್ಲ ಕಪ್ಪು ಬೂಷ್ಟು. ಮುಗ್ಗಲು ವಾಸನೆ. ಅವಳು ತೂತಿನೊಳಗಿಂದಲೇ ಓರಗಿತ್ತಿಯ ಮುಖ ನೋಡಿದಳು.

“ನೀರು ಹಾಕವ್ರೆ,” ಎಂದಳು.

“ಯಾರಮ್ಮಿ?”

“ಬೆಳಗಿನ ಜಾವ ಸಳಸಳ ಅಂತ ಸದ್ದು ಕೇಳ್ತಿತ್ತು. ಕನಸು ಅನ್ಕಂಡಿದ್ದೆ. ಎದ್ದು ನೋಡುದ್ರೆ ನೆಲ ಒದ್ದೆ. ಈ ಮನೇಲಿ ಬೆಳಿಗ್ಗೆ ಎದ್ದು ಸಗಣಿನೀರು ಹಿಡ್ಕಂಡು ಓಡಾಡೋರು ಯಾರು ಅಕ್ಕ?”

ಗುರುಮಲ್ಲಮ್ಮನ ಕೈಯಿಂದ ಕಾಯಿ ಜಾರಿತು. “ನಾನು ಗೋಡೆಗೆ ನೀರು ಹಾಕುದ್ನಾ?”

“ನಾವು ಇಲ್ಲಿರದು ನಿಮ್ಗೆ ಬ್ಯಾಡ. ನೆಟ್ಟಗೆ ಬಾಯಿ ಬುಟ್ಟು ಹೇಳಿದ್ರೆ ನಾವೇ ಓಯ್ತಿದ್ವಿ. ಗೋಡೆಗೆ ಯಾಕೆ ವಿಷ ಹಾಕ್ಬೇಕಿತ್ತು?”

“ನಾಲಿಗೆ ಬಿಗಿ ಹಿಡಿ ಕಣಮ್ಮಿ. ಮಾದ ಹೇಳಿದ್ದ ದಿನದಿಂದ ನಾನು ಒಂದಲ್ಲ, ಎಲ್ಡು ಗೇಣು ಬುಟ್ಟು ಸಾರಿಸ್ತಾ ಇವ್ನಿ. ಕುದೇರಲ್ಲಿ ನನ್ನ ತವರುಮನೇಲಿ ಗೋಡೆ ಕೆಡಿಸೋ ಬುದ್ಧಿ ಯಾರಿಗೂ ಕಲಿಸಿಲ್ಲ.” ಅವಳು ತಿರುಗಿ ಅತ್ತೆಯನ್ನು ನೋಡಿದಳು. “ನೀವು ಇಲ್ಲೇ ಮಲಗ್ತೀರಿ. ನೀವೇ ಹೇಳಿ ಅತ್ತೆ. ನಾನು ನೀರು ಹಾಕಿದ್ದ ಕಂಡ್ರಾ?”

ಮಲ್ಲಾಜಮ್ಮನ ಬೆರಳುಗಳ ನಡುವೆ ಅವರೆಕಾಳು ಹಾಗೇ ಇತ್ತು. ಈ ಮನೆಯಲ್ಲಿ ನಲವತ್ತೈದು ವರ್ಷ ಅವಳು ಯಾರಿಗೂ ತಪ್ಪಾಯಿತೆಂದು ಹೇಳಿದವಳಲ್ಲ, ಹೇಳುವ ಪ್ರಸಂಗವೂ ಬಂದಿರಲಿಲ್ಲ.

“ಆಯ್ತು ಬುಡ್ರಮ್ಮ,” ಎಂದಳು ಕೊನೆಗೆ. “ಗೋಡೆ ತಾನೇ. ಮಾದನ್ನ ಕರೆಸಿದ್ರಾಯ್ತು.”

ಗುರುಮಲ್ಲಮ್ಮ ಇನ್ನಷ್ಟು ಹೊತ್ತು ಕಾದಳು. ಅತ್ತೆ ಮತ್ತೆ ಕಾಳು ಹಿಸುಕತೊಡಗಿದಳು. ಸೊಸೆ ಎದ್ದು ಅಡುಗೆಮನೆಗೆ ಹೋದಳು, ಹಿಟ್ಟಿನ ಕೋಲನ್ನು ತಂದಳು. ರಾಗಿಹಿಟ್ಟು ತೊಳಸುವ ಆ ಹೊಂಗೆಯ ಕೋಲು ಅವಳ ಕೈಯಲ್ಲಿ ಹದಿನಾಲ್ಕು ವರ್ಷ ತಿರುಗಿ ಹಿಡಿಯ ಬಳಿ ನುಣ್ಣಗಾಗಿತ್ತು. ಅದನ್ನು ಅತ್ತೆಯ ಮುಂದೆ ನೆಲದ ಮೇಲಿಟ್ಟಳು.

“ನನ್ನ ಕೈಯಿ ಗೋಡೆಗೆ ವಿಷ ಹಾಕೋ ಕೈಯಿ ಅಂತಾದ್ರೆ ಈ ಕೈಯಿಂದ ಬೇಯಿಸಿದ್ದ ಯಾರೂ ಉಣ್ಬ್ಯಾಡಿ. ಸಾರಿಸ್ತೀನಿ, ತೊಳೀತೀನಿ, ಬಳೀತೀನಿ. ಹಿಟ್ಟು ತೊಳಸಾಕಿಲ್ಲ.”

ಮಲ್ಲಾಜಮ್ಮ ಕೋಲನ್ನು ಎತ್ತಿಕೊಂಡಳು. ಅಂದು ಸಂಜೆ ಒಲೆಯ ಮುಂದೆ ಅವಳೇ ಕುಳಿತಳು.

ಎಸರಿಗೆ ಹಿಟ್ಟು ಸುರಿದು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವುವುದು ಅರವತ್ತರ ತೋಳಿಗೆ ಸುಲಭವಲ್ಲ. ಮುದ್ದೆಯೊಳಗೆ ಹಸಿಹಿಟ್ಟಿನ ಗಂಟು ನಿಂತವು. ಮೊದಲ ದಿನ ಎಲ್ಲರೂ ಅದನ್ನೇ ನುಂಗಿದರು. ಮೂರನೆಯ ದಿನ ಹಿರಿಯ ಮೊಮ್ಮಗಳು ಶಿವಮ್ಮ, “ಅಜ್ಜಿ, ಹಿಟ್ಟಿನೊಳಗೆ ಗೋಲಿ ಅವೆ” ಎಂದಳು. ಐದನೆಯ ದಿನ ಚಿಕ್ಕಮಲ್ಲಮ್ಮ ತಾನು ತೊಳಸುತ್ತೇನೆಂದು ಹೋಗಿ ತಳ ಸೀಯಿಸಿದಳು. ನೀಲಕಂಠಸ್ವಾಮಿ ಮಂಡಿಯಿಂದ ಬಂದು ಎಲೆಯ ಮುಂದೆ ಕುಳಿತು, ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದ.

“ಪೂಜೆ ಮಾಡ್ತಿದ್ದೀಯೇನಣ್ಣ?” ಎಂದ ತಮ್ಮ.

“ನುಂಗ್ತಾ ಇವ್ನಿ ಕಣ್ಲಾ. ಕಣ್ಣು ಬುಟ್ಕಂಡು ನುಂಗಾಕಾಗಲ್ಲ.”

ನಗಬೇಕಾದ ಮಾತು, ಯಾರೂ ನಗಲಿಲ್ಲ. ಗೋಡೆಯ ತೂತಿಗೆ ಚಿಕ್ಕಮಲ್ಲಮ್ಮ ಒಂದು ಗೋಣಿ ತೂಗುಹಾಕಿದ್ದಳು. ಓರಗಿತ್ತಿಯರ ನಡುವೆ ಮಾತು ನಿಂತು, ಬೇಕಾದದ್ದನ್ನೆಲ್ಲ ಮಕ್ಕಳ ಮೂಲಕ ಕೇಳುತ್ತಿದ್ದರು. “ಶಿವಮ್ಮ, ನಿಮ್ಮವ್ವಂಗೆ ಉಪ್ಪಿನ ಮರಿಗೆ ಎಲ್ಲಿ ಅಂತ ಕೇಳು.” “ಶಿವಮ್ಮ, ನಿಮ್ಮ ಚಿಗವ್ವಂಗೆ ಕಣ್ಣ ಮುಂದೇ ಅದೆ ಅಂತೇಳು.” ಒಂದು ಭಾನುವಾರ ಗುರುಪಾದಸ್ವಾಮಿ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ, ಅಲ್ಲಿ ಒಂದು ಬಾಡಿಗೆ ಮನೆ ನೋಡಿಕೊಂಡು ಬಂದ. ಶಿವರಾತ್ರಿಯ ಮಾರನೆಯ ದಿನದಿಂದ ಮನೆ ಖಾಲಿಯಂತೆ. ವರ್ಗದ ಅರ್ಜಿಯನ್ನೂ ಬರೆದು ಟ್ರಂಕಿನಲ್ಲಿಟ್ಟಿದ್ದ, ರುಜು ಒಂದು ಬಾಕಿ.

ಆ ದಿನಗಳಲ್ಲಿ ಮಲ್ಲಾಜಮ್ಮನ ಲಿಂಗಪೂಜೆ ಹೊತ್ತಾಗುತ್ತಿತ್ತು. ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕುಳಿತರೆ ಕಣ್ಣು ನಿಲ್ಲುತ್ತಿರಲಿಲ್ಲ, ಅಡುಗೆಮನೆಯ ಮೂಲೆಯಲ್ಲಿ ಒರಗಿಸಿಟ್ಟ ಕೋಲಿನ ಕಡೆಗೆ ಹೋಗುತ್ತಿತ್ತು. ಇವತ್ತು ಹೇಳಿಬಿಡುತ್ತೇನೆ ಎಂದು ಏಳುವಳು. ಗುರುಮಲ್ಲಮ್ಮ ಬಗ್ಗಿ, ಗೋಡೆಯಿಂದ ಎರಡು ಗೇಣು ದೂರಕ್ಕೆ ಒಂದು ಗೆರೆ ಎಳೆದಂತೆ ಸಾರಿಸುತ್ತಿರುವುದನ್ನು ಕಂಡು ಹಿಂದಿರುಗಿ ಕುಳಿತುಬಿಡುವಳು.

ನಂಜನಗೂಡಿನ ಕಡೆ ಕೆಲಸ ಮುಗಿಸಿ ಪುಟ್ಟಮಾದು ಬಂದದ್ದು ಗೋಡೆ ತೂತಾದ ಹದಿನೆಂಟನೆಯ ದಿನ. ಗೋಣಿ ಸರಿಸಿ ತೂತನ್ನು ನೋಡಿದ. ಬೆರಳಿಂದ ಕುಟ್ಟುತ್ತಾ ಈ ತುದಿಯಿಂದ ಆ ತುದಿಗೆ ಹೋದ. ಕೆಳಗೆ ಕುಕ್ಕರಗಾಲಲ್ಲಿ ಕುಳಿತು ಮೂಸಿದ. ಮನೆಯವರೆಲ್ಲ ಸುತ್ತ ನಿಂತಿದ್ದರು.

“ಸಾರಿಸೋ ನೀರು ತಾನೆ ಮಾದ?” ಎಂದಳು ಚಿಕ್ಕಮಲ್ಲಮ್ಮ.

“ಅಲ್ಲ ಕಣವ್ವ. ಸಾರಿಸೋ ನೀರಾದ್ರೆ ಬುಡದಿಂದ ಮ್ಯಾಕೆ ಒಂದು ಗೇಣು ಏರ್ತದೆ, ಅಷ್ಟೇಯ. ಇದು ಎದೆಮಟ್ಟದಿಂದ ಕೆಳುಕ್ಕೆ ಇಳಿದಿರೋ ನೀರು.”

“ನೋಡುದ್ರಾ? ಬೇಕು ಅಂತಾನೇ ಹಾಕವ್ರೆ.”

ಪುಟ್ಟಮಾದು ತಲೆ ಕೆರೆದುಕೊಂಡ. “ಹಗೆ ಇಟ್ಕಂಡು ಹಾಕೋರು ಹಿಂಗೆ ಹಾಕಾಕಿಲ್ಲ. ಒಂದು ಕೊಡ ತಂದು ಒಂದು ಕಡೆ ಸುರಿದು ಓಯ್ತಾರೆ. ಇದು ನೋಡಿ, ಆ ತುದಿಯಿಂದ ಈ ತುದಿಗಂಟ ಒಂದೇ ಸಮ ಬಿದ್ದದೆ. ನಾಕು ದಿನ, ಐದು ದಿನ, ಪಾಳಿ ತಪ್ಪದಂಗೆ ಬಿದ್ದದೆ. ಗಾರೆ ಕೆಲಸ ಗೊತ್ತಿರೋರು ನೀರು ಉಣಿಸೋ ವರಸೆ ಇದು. ಹಿಂಗೆ ಉಣಿಸೋ ಕೈಯಿ ಈಗೆಲ್ಲ ಸಿಕ್ಕಲ್ಲ.”

ಹೇಳುತ್ತಲೇ ಅವನು ಎರಡು ಬೋರ್ಡಿನ ಸಂದಿಯಲ್ಲಿ ಅಂಟಿ ಒಣಗಿದ್ದ ಏನನ್ನೋ ಉಗುರಿನಿಂದ ಎಬ್ಬಿಸಿದ. ಒಂದು ಬೇವಿನೆಲೆ. ಬಾಗಿ ನೋಡುತ್ತಿದ್ದ ಮಲ್ಲಾಜಮ್ಮನಿಗೆ ಮಾತ್ರ ಅದು ಕಂಡಿತು. ಪುಟ್ಟಮಾದು ಅವಳ ಮುಖ ನೋಡಲಿಲ್ಲ. ಎಲೆಯನ್ನು ಬೆರಳಲ್ಲಿ ಪುಡಿ ಮಾಡಿ ಊದಿಬಿಟ್ಟ.

“ಹಳೇ ಬೋರ್ಡು ಬುದ್ಧೀ, ಏಳೆಂಟು ವರ್ಷ ಕೊಟ್ಟಿಗೇಲಿ ಇದ್ದಿದ್ದು,” ಎಂದ ಎದ್ದು ನಿಂತು. “ಬೋರ್ಡಿನ ದೋಸ ಅಂತಂದ್ರೂ ಆಯ್ತದೆ. ನನ್ನ ಕೆಲಸದ ದೋಸ ಅಂತಂದ್ರೂ ಆಯ್ತದೆ. ಮಿಕ್ಕಿರೋ ಮೂರು ಬೋರ್ಡಲ್ಲಿ ನೆಟ್ಟಗೆ ಮಾಡ್ಕೊಡ್ತೀನಿ.”

ಮಲ್ಲಾಜಮ್ಮನಿಗೆ ಅದನ್ನು ತಡೆಯಲಾಗಲಿಲ್ಲ. ಸೊಸೆಯ ಮೇಲೆ ಹೊರೆ ಹೊರಿಸಿದ್ದು ಸಾಲದೆಂದು ಈಗ ಈ ಮನುಷ್ಯ ತನ್ನ ಕಸುಬಿನ ಹೆಸರನ್ನೇ ಅವಳಿಗಾಗಿ ಕೊಡಲು ನಿಂತಿದ್ದಾನೆ. ಅವಳು ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಮಧ್ಯಾಹ್ನ ಗಂಡಸರಿಗೆ ಪಡಸಾಲೆಯಲ್ಲಿ, ಪುಟ್ಟಮಾದುವಿಗೆ ಹಿಂದಿನ ಜಗಲಿಯಲ್ಲಿ ಎಲೆ ಹಾಕಿತ್ತು. ಮಲ್ಲಾಜಮ್ಮ ಗಂಟುಗಂಟಾದ ಮುದ್ದೆಗಳನ್ನು ಬಡಿಸಿ, ನಡುಬಾಗಿಲಲ್ಲಿ, ಜಗಲಿಗೂ ಕೇಳುವ ಹಾಗೆ ನಿಂತಳು.

“ಕೈ ಹಾಕ್ಬ್ಯಾಡಿ. ಒಂದು ಮಾತದೆ.”

ಎಲ್ಲರೂ ತಲೆಯೆತ್ತಿದರು. ಗುರುಮಲ್ಲಮ್ಮ ನೀರಿನ ಚೊಂಬು ಹಿಡಿದು ಕಂಬದ ಹತ್ತಿರ ನಿಂತಿದ್ದಳು.

“ಗೋಡೆಗೆ ನೀರು ಹಾಕ್ದೋಳು ನಾನು. ಏಳು ದಿನ, ಬೇವಿನ ಸೊಪ್ಪಲ್ಲಿ. ಮಾದ ಬ್ಯಾಡ ಅಂದಿದ್ದ, ಕೇಳಿಸ್ಕಂಡೂ ಹಾಕ್ದೆ. ಗಟ್ಟಿ ಆಗ್ಲಿ ಅಂತ ಹಾಕ್ದೆ. ಬೋರ್ಡಿನ ದೋಸ ಇಲ್ಲ, ಮಾದನ ದೋಸ ಇಲ್ಲ, ನನ್ನ ಸೊಸೆ ದೋಸ ಇಲ್ಲ. ಅವತ್ತೇ ಹೇಳ್ಬೇಕಾಗಿತ್ತು. ಬಾಯಿ ಬರ್ಲಿಲ್ಲ. ಈಗ ಉಣ್ಣಿ.”

ಯಾರೂ ಉಣ್ಣಲಿಲ್ಲ. ನೀಲಕಂಠಸ್ವಾಮಿ ಎಲೆಯನ್ನೇ ನೋಡುತ್ತಿದ್ದ. ಗುರುಪಾದಸ್ವಾಮಿಯ ಭುಜ ಮೆಲ್ಲಗೆ ಕುಲುಕತೊಡಗಿತು.

“ನಗ್ಬ್ಯಾಡ ಕಣ್ಲಾ,” ಎಂದ ಅಣ್ಣ, ತಾನೂ ತುಟಿ ಕಚ್ಚಿಕೊಂಡು.

“ನಗ್ತಿಲ್ಲ ಕಣಣ್ಣ. ಬೀದೀಲಿ ಮಂಜಿಗೆ ಕೊಡೆ ಹಿಡ್ಕಂಡು ಬಂದೆ. ಮನೇಲಿ ಅವ್ವ ಅಭಿಷೇಕ ಮಾಡವ್ಳೆ.”

ಆದರೆ ಗುರುಮಲ್ಲಮ್ಮ ನಗಲಿಲ್ಲ. ಚೊಂಬನ್ನು ಕೆಳಗಿಟ್ಟಳು. “ಹದಿನೆಂಟು ದಿನ ಅತ್ತೆ,” ಎಂದಳು, ದನಿ ಏರಿಸದೆ. “ದಿನಾ ನಿಮ್ಮ ಮುಂದೇನೆ ಸಾರಿಸ್ದೆ. ನೀವು ನೋಡ್ತಾ ಕೂತಿದ್ರಿ.”

“ಹೂಂ. ನೋಡ್ತಾ ಕೂತಿದ್ದೆ.”

“ಗೋಡೆ ಕೆಡ್ತು ಅಂತ ನಂಗೆ ನೋವಿಲ್ಲ. ಅವ್ಳು ಬೈದ್ಲು ಅಂತಾನೂ ಇಲ್ಲ, ಅವ್ಳು ನಿನ್ನೆ ಮೊನ್ನೆ ಬಂದೋಳು. ನೀವು ಹದಿನಾಕು ವರ್ಷದಿಂದ ನನ್ನ ಕೈ ನೋಡಿದ್ರಿ.”

ಮಲ್ಲಾಜಮ್ಮ ಅಡುಗೆಮನೆಯ ಮೂಲೆಯ ಕೋಲಿನ ಕಡೆ ಕಣ್ಣು ಹಾಯಿಸಿದಳು. ಅದನ್ನು ಕಂಡು ಗುರುಮಲ್ಲಮ್ಮ, “ಈಗ ಬ್ಯಾಡಿ,” ಎಂದಳು. “ಇಷ್ಟು ಜನದ ಮುಂದೆ ಕೊಟ್ರೆ ಇಸ್ಕಳ್ಳದೆ ಇರಾಕಾಗಲ್ಲ. ಇಸ್ಕಳ್ಳೋ ಮನಸು ಇನ್ನೂ ಬಂದಿಲ್ಲ.”

ಮುದುಕಿ ತಲೆಯಾಡಿಸಿದಳು. ಅದು ನ್ಯಾಯವೆಂದು ಅವಳಿಗೆ ತೋರಿತು.

ಊಟವಾದ ಮೇಲೆ ಚಿಕ್ಕಮಲ್ಲಮ್ಮ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಓರಗಿತ್ತಿಯ ಪಕ್ಕದಲ್ಲಿ ಹೋಗಿ ಕುಕ್ಕರಿಸಿದಳು. ಮಲ್ಲಾಜಮ್ಮ ಒಳಗಿನಿಂದ ಕೇಳುತ್ತಿದ್ದಳು, ಈ ಸಲ “ಏನಂದೆ?” ಎನ್ನಲಿಲ್ಲ.

“ಬಾಯಿ ಜಾರ್ಬುಟ್ಟೆ ಅಕ್ಕ.”

“ಜಾರ್ಲಿಲ್ಲ ಕಣಮ್ಮಿ. ಗುರಿ ಇಟ್ಟು ಹೊಡೆದೆ.”

“ಹೂಂ. ಗುರಿ ಇಟ್ಟೇ ಹೊಡೆದೆ. ತಪ್ಪಾಯ್ತು.”

ಒಂದೆರಡು ಪಾತ್ರೆಗಳ ಸದ್ದು. ಆಮೇಲೆ ಗುರುಮಲ್ಲಮ್ಮನ ದನಿ: “ಬೂದಿ ಈ ಕಡೆ ತಳ್ಳು. ಆ ಸೀದ ತಪ್ಪಲೆ ನಿಂದೇಯ, ನೀನೇ ಉಜ್ಜು.”

ಅಂದು ಸಂಜೆ ಗುರುಪಾದಸ್ವಾಮಿ ಟ್ರಂಕಿನಿಂದ ಅರ್ಜಿ ತೆಗೆದು ಒಲೆಗೆ ಹಾಕಿದ.

ಗೋಡೆಯ ಕೆಲಸ ಮತ್ತೆ ಮೊದಲಾಯಿತು. ಪುಟ್ಟಮಾದು ನೆನೆದ ಭಾಗವನ್ನೆಲ್ಲ, ಗಟ್ಟಿ ಸದ್ದು ಬರುವವರೆಗೆ, ಗರಗಸದಲ್ಲಿ ನೆಟ್ಟಗೆ ಕೊಯ್ದು ತೆಗೆದ. ಒಳಗಿನ ಮರದ ಕಂಬಗಳು ಒಣಗಲೆಂದು ಐದು ದಿನ ಹಾಗೇ ಬಿಟ್ಟ. “ಹಸಿ ಮುಚ್ಚಿದ್ರೆ ಮತ್ತೆ ಬೂಷ್ಟು ಬತ್ತದೆ” ಎಂದ. ಈ ಸಲ ಬೋರ್ಡು ನೆಲಕ್ಕೆ ತಾಕಬಾರದೆಂದು ಬುಡಕ್ಕೆ ಗೇಣೆತ್ತರದ ಹಲಗೆ ಕೂರಿಸೋಣವೆಂದಾಗ, ನೀಲಕಂಠಸ್ವಾಮಿ ಮಂಡಿಯಲ್ಲಿ ತಕ್ಕಡಿಯ ಕೆಳಗಿದ್ದ ಹೊನ್ನೆಯ ಹಲಗೆಗಳನ್ನೇ ಕೀಳಿಸಿ ತಂದ. ಅಪ್ಪನ ಕಾಲದ ಅರಿಸಿನದ ಬಣ್ಣ ಅವಕ್ಕೆ ಹಿಡಿದಿತ್ತು. ಕಾಗದದ ಗೋಡೆಗೆ ಹಳದಿಯ ಅಂಚು ಬಂತು.

ಮಲ್ಲಾಜಮ್ಮ ಈಗ ದಿನವೂ ಪುಟ್ಟಮಾದುವಿನ ಹಿಂದೆಯೇ ನಿಂತು ಕೇಳುತ್ತಿದ್ದಳು. ಕೇಳುವುದರಲ್ಲಿ ಅವಳಿಗೆ ಯಾವ ಸಂಕೋಚವೂ ಉಳಿದಿರಲಿಲ್ಲ.

“ಸಂದಿ ಬಿರುಕು ಬುಟ್ರೆ?”

“ಕೆರೆದು, ಬಟ್ಟೆ ಅಂಟಿಸಿ, ಸರಿ ಎಳೆದ್ರೆ ಕಾಣಾಕಿಲ್ಲ ಅವ್ವಾ.”

“ಮಕ್ಕಳು ಚೆಂಡು ಹೊಡೆದು ತೂತು ಮಾಡುದ್ರೆ?”

“ತೂತಿಗಿಂತ ಒಂದು ಬೆರಳು ದೊಡ್ಡದಾಗಿ ಚೌಕ ಕೊಯ್ದು, ಹಿಂದೆ ಒಂದು ಪಟ್ಟಿ ಮರ ಕೊಟ್ಟು, ತುಂಡು ಕೂರಿಸದು.”

“ಸುಣ್ಣ ಬಳಿಬೋದಾ?”

“ಮೊದ್ಲು ತೆಳ್ಳಗೆ ಅಂಟಿನ ನೀರು ಒಂದು ಕೈ. ಅದು ಕಾಗದದ ಬಾಯಿ ಕಟ್ತದೆ. ಒಣಗಿದ ಮ್ಯಾಲೆ ಬಣ್ಣ.”

“ಆ ಒಂದು ಕೈ ನೀರು ನಾನು ಕೊಡ್ಲಾ?”

ಪುಟ್ಟಮಾದು ಮೊದಲ ಸಲ ಅವಳೆದುರು ನಕ್ಕ. “ನಿಮ್ಮ ಕೈ ಸಮ ಬೀಳ್ತದೆ ಅವ್ವಾ. ಕೊಡಿ. ಕುಂಚದಲ್ಲಿ ಕೊಡಿ, ಬೇವಿನ ಸೊಪ್ಪು ಬ್ಯಾಡ.”

ಅವಳು ಕುಂಚ ಹಿಡಿದು, ಈ ತುದಿಯಿಂದ ಆ ತುದಿಗೆ, ತೆಳ್ಳಗೆ, ಒಂದೇ ಸಮವಾಗಿ ಎಳೆದಳು. ಆ ಮಧ್ಯಾಹ್ನ ಅವನ ಎಲೆಯನ್ನು ಜಗಲಿಯಲ್ಲಿ ಹಾಕಲು ಹೊರಟ ಮೊಮ್ಮಗಳನ್ನು ಅವಳೇ ತಡೆದು, ಹೊಸ ಗೋಡೆಯ ಪಕ್ಕದಲ್ಲಿ ಹಾಕಿಸಿದಳು. ಪುಟ್ಟಮಾದು ಬಾಗಿಲಲ್ಲೇ ನಿಂತುಬಿಟ್ಟ. “ಗೋಡೆ ಎಬ್ಬಿಸಿದೋನು ಗೋಡೆ ಪಕ್ಕ ಕೂತ್ಕಳ್ಳಲಿ. ಬಾರ್ಲಾ,” ಎಂದಳು. ನೀಲಕಂಠಸ್ವಾಮಿ ತಾಯಿಯ ಮುಖ ನೋಡಿ, ತನ್ನ ಎಲೆಯನ್ನು ಒಂದಿಷ್ಟು ಸರಿಸಿಕೊಂಡು ಜಾಗ ಮಾಡಿದ.

ಶಿವರಾತ್ರಿಯ ಹಿಂದಿನ ದಿನ ಗೋಡೆ ಬೆಳ್ಳಗೆ ನಿಂತಿತ್ತು. ಚಿಕ್ಕಮಲ್ಲಮ್ಮ ತನ್ನ ಟ್ರಂಕನ್ನು ಒಳಗಿಟ್ಟು, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದಳು. ಮಲ್ಲಾಜಮ್ಮ ಗೆಣ್ಣಿನಿಂದ ಕುಟ್ಟುತ್ತಾ ಹೋಗಿ, ಟಕ್ ಎಂದ ಕಡೆ ಮೊಳೆ ಹೊಡೆಸಿ, ಶಿವನ ಪಟ ತೂಗುಹಾಕಿಸಿದಳು. ಆಮೇಲೆ ತನ್ನ ಹಾಸಿಗೆಯನ್ನು ಸುತ್ತಿ, ಆ ಗೋಡೆಯ ಬುಡದಿಂದ ಎತ್ತಿ, ಪಡಸಾಲೆಯ ಆ ಕೊನೆಗೆ, ದೇವರ ಕೋಣೆಯ ಪಕ್ಕಕ್ಕೆ ಹಾಕಿಕೊಂಡಳು. ಕಿರಿಸೊಸೆ ಬಂದು ದಿಂಬು ಸರಿಮಾಡಿ ಹೋದಳು.

ಸಂಜೆಗೆ ಒಲೆಯ ಮೇಲೆ ಎಸರು ಮರಳುತ್ತಿತ್ತು. ಗುರುಮಲ್ಲಮ್ಮ ಸೌದೆ ಮುಂದಕ್ಕೆ ತಳ್ಳಲೆಂದು ಒಲೆಯ ಮುಂದೆ ಕುಳಿತಿದ್ದಳು. ಮುದುಕಿ ಎಸರಿಗೆ ಹಿಟ್ಟು ಸುರಿದಳು. ಹಿಟ್ಟು ನಡುವೆ ಗುಡ್ಡೆಯಾಗಿ ನಿಂತು, ಸುತ್ತ ನೀರು ಉಕ್ಕಿ ಬೇಯತೊಡಗಿತು. ತೊಳಸುವ ಹೊತ್ತಾಯಿತು.

ಮಲ್ಲಾಜಮ್ಮ ಮೂಲೆಯಿಂದ ಕೋಲನ್ನು ತಂದಳು. ಸೆರಗಿನಿಂದ ಒಂದು ಸಲ ಒರೆಸಿದಳು. ಬೇರೆ ಯಾರೂ ಇರಲಿಲ್ಲ. ಹಿಡಿಯ ಕಡೆಯನ್ನು ಸೊಸೆಯತ್ತ ತಿರುಗಿಸಿ ನೀಡಿದಳು.

ಗುರುಮಲ್ಲಮ್ಮ ಒಲೆಯ ಉರಿಯನ್ನೇ ನೋಡುತ್ತಿದ್ದವಳು ಕೈ ಚಾಚಿ ತೆಗೆದುಕೊಂಡಳು.